ಬಳಸಿದ ಹಾಗೂ ಹಳೆಯ ದಾಸ್ತಾನಿನ ಮೋಟಾರ್ ಸೈಕಲ್‌ಗೆ ನ್ಯಾಯವಾದ ಬೆಲೆಯನ್ನು ನಿರ್ಧರಿಸುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಡನೆ ಅಸ್ತಿತ್ವಕ್ಕೆ ಬಂದಿತು. ಕಾರಟಗಿ, ಕನಕಗಿರಿ ಮತ್ತು ಕುಕನೂರು ತಾಲ್ಲೂಕುಗಳು ತರುವಾಯ ರಚನೆಯಾದವು. ಜಿಲ್ಲೆಯ ವಾಹನ ನೋಂದಣಿ ಸಂಕೇತವು ಕೆಎ-37 ಆಗಿರುತ್ತದೆ. ಹೊಲ, ಮಾರುಕಟ್ಟೆ, ಶಾಲೆ, ಆಸ್ಪತ್ರೆ ಮತ್ತು ಕಾರ್ಖಾನೆಗಳಿಗೆ ಹೋಗಿಬರಲು ಇಲ್ಲಿನ ಬಹಳಷ್ಟು ಕುಟುಂಬಗಳು ಮೋಟಾರ್ ಸೈಕಲನ್ನೇ ಅವಲಂಬಿಸಿವೆ. ಹೊಸ ವಾಹನದ ಬೆಲೆ ಕೈಗೆಟುಕದವರು ಬಳಸಿದ ವಾಹನವನ್ನು ಕೊಳ್ಳುವುದು ಸಾಮಾನ್ಯ.

ಬಳಸಿದ ಮೋಟಾರ್ ಸೈಕಲ್‌ಗೆ ಸರ್ಕಾರವು ಮಾರಾಟ ಬೆಲೆಯನ್ನು ನಿಗದಿಪಡಿಸುವುದಿಲ್ಲ. ಬೆಲೆಯು ಕೊಳ್ಳುವವರ ಮತ್ತು ಮಾರುವವರ ಒಪ್ಪಿಗೆಯಿಂದಲೇ ತೀರ್ಮಾನವಾಗುತ್ತದೆ. ಆದರೆ ಆ ಒಪ್ಪಿಗೆಗೆ ಒಂದು ಲೆಕ್ಕದ ಆಧಾರವಿರುವುದು ಇಬ್ಬರಿಗೂ ಹಿತ. ಆ ಲೆಕ್ಕವು ಮಾರುವವರು ಅಂದು ಕೊಟ್ಟ ಹಣದಿಂದಲ್ಲ, ಅದೇ ಮಾದರಿಯ ಹೊಸ ವಾಹನದ ಇಂದಿನ ಬೆಲೆಯಿಂದ ಆರಂಭವಾಗಬೇಕು. ಅದರಿಂದ ವಾಹನದ ವಯಸ್ಸು, ದುರಸ್ತಿಯ ಖರ್ಚು ಮತ್ತು ದಾಖಲೆಗಳ ಕೊರತೆಯನ್ನು ಒಂದೊಂದಾಗಿ ಕಳೆಯಬೇಕು.

1. ಇಂದಿನ ಹೊಸ ಬೆಲೆಯನ್ನು ತಿಳಿದುಕೊಳ್ಳುವುದು

ಮೊದಲಿಗೆ ಅದೇ ಮಾದರಿಯ, ಅದು ನಿಂತುಹೋಗಿದ್ದರೆ ಅದಕ್ಕೆ ಸಮೀಪದ ಮಾದರಿಯ, ಹೊಸ ವಾಹನದ ಶೋರೂಂ ಬೆಲೆಯನ್ನು ವಿಚಾರಿಸಬೇಕು. ನೋಂದಣಿ, ತೆರಿಗೆ ಮತ್ತು ವಿಮೆ ಸೇರಿದ ರಸ್ತೆಗಿಳಿಯುವ ಬೆಲೆಯನ್ನು ಇಲ್ಲಿ ಪರಿಗಣಿಸಬಾರದು.

ಈ ಹಂತದಲ್ಲಿ ಒಂದು ಬದಲಾವಣೆಯನ್ನು ಗಮನಿಸುವುದು ಅಗತ್ಯ. 350 ಸಿಸಿವರೆಗಿನ ಮೋಟಾರ್ ಸೈಕಲ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ತೆರಿಗೆ ಸೇರಿ ರೂ. 80,000 ಇದ್ದ ವಾಹನದ ಮೂಲ ಬೆಲೆ ರೂ. 62,500. ಅದಕ್ಕೆ ಶೇ. 18ರ ತೆರಿಗೆ ಸೇರಿಸಿದಾಗ ರೂ. 73,750 ಆಗುತ್ತದೆ. ಅಂದರೆ ಹೊಸ ವಾಹನವೇ ರೂ. 6,250ರಷ್ಟು ಅಗ್ಗವಾದಂತಾಯಿತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯುವುದು ನ್ಯಾಯ. “ನಾನು ಇಷ್ಟು ಕೊಟ್ಟು ತಂದಿದ್ದೆ” ಎಂಬ ಮಾತು ನಿಜವೇ ಇರಬಹುದು, ಆದರೂ ಅದು ಇಂದಿನ ಬೆಲೆಗೆ ಆಧಾರವಾಗುವುದಿಲ್ಲ.

2. ವಯಸ್ಸಿನ ಕಡಿತ

ವಿಮಾ ಕ್ಷೇತ್ರದಲ್ಲಿ ವಾಹನದ ಘೋಷಿತ ಮೌಲ್ಯವನ್ನು ಲೆಕ್ಕಹಾಕಲು ಬಳಕೆಯಲ್ಲಿರುವ ಸವಕಳಿ ಪಟ್ಟಿಯು ಸಾಮಾನ್ಯ ಕೊಳ್ಳುಗರಿಗೂ ಉಪಯುಕ್ತವಾಗಿದೆ. ಇಂದಿನ ಶೋರೂಂ ಬೆಲೆಯಿಂದ ಕಳೆಯಬೇಕಾದ ಪ್ರಮಾಣವು ಈ ಕೆಳಕಂಡಂತಿದೆ:

6 ತಿಂಗಳವರೆಗೆ: ಶೇ. 5
6 ತಿಂಗಳ ಮೇಲೆ 1 ವರ್ಷದವರೆಗೆ: ಶೇ. 15
1 ವರ್ಷದ ಮೇಲೆ 2 ವರ್ಷದವರೆಗೆ: ಶೇ. 20
2 ವರ್ಷದ ಮೇಲೆ 3 ವರ್ಷದವರೆಗೆ: ಶೇ. 30
3 ವರ್ಷದ ಮೇಲೆ 4 ವರ್ಷದವರೆಗೆ: ಶೇ. 40
4 ವರ್ಷದ ಮೇಲೆ 5 ವರ್ಷದವರೆಗೆ: ಶೇ. 50

ಉದಾಹರಣೆಗೆ, ಮೇಲೆ ಹೇಳಿದ ಮಾದರಿಯ, ಮೂರೂವರೆ ವರ್ಷ ಬಳಸಿದ ವಾಹನಕ್ಕೆ ರೂ. 73,750ರಲ್ಲಿ ಶೇ. 40ನ್ನು ಕಳೆದರೆ ರೂ. 44,250 ಉಳಿಯುತ್ತದೆ. ಹಿಂದಿನ ರೂ. 80,000ದ ಮೇಲೆ ಲೆಕ್ಕ ಹಾಕಿದರೆ ರೂ. 48,000 ಬರುತ್ತಿತ್ತು. ಲೆಕ್ಕದ ಆರಂಭವೊಂದನ್ನು ತಪ್ಪಿದರೆ ಕೊಳ್ಳುವವರು ರೂ. 3,750 ಹೆಚ್ಚಿಗೆ ತೆರಬೇಕಾಗುತ್ತದೆ.

ಈ ಮೊತ್ತವು ಚೌಕಾಸಿಯ ನಡುಗೆರೆಯೇ ಹೊರತು ಕಡ್ಡಾಯ ದರವಲ್ಲ. ಹೆಚ್ಚು ಬೇಡಿಕೆಯಿರುವ, ಬಿಡಿಭಾಗಗಳು ಹೋಬಳಿ ಮಟ್ಟದಲ್ಲಿಯೂ ದೊರೆಯುವ ಮಾದರಿಗೆ ಮಾರುಕಟ್ಟೆಯಲ್ಲಿ ಇದಕ್ಕಿಂತ ಹೆಚ್ಚು ಬೆಲೆ ಬರಬಹುದು. ನೋಂದಣಿಯ ಸಮಯದಲ್ಲಿ ಒಮ್ಮೆ ಪಾವತಿಸಿದ ಜೀವಾವಧಿ ತೆರಿಗೆಯ ಪ್ರಯೋಜನವು ರಾಜ್ಯದೊಳಗಿನ ಹೊಸ ಮಾಲೀಕರಿಗೂ ದೊರೆಯುವುದರಿಂದ, ಮಾರುವವರು ಅದನ್ನು ಮುಂದಿಟ್ಟು ಸ್ವಲ್ಪ ಹೆಚ್ಚಿಗೆ ಕೇಳುವುದರಲ್ಲಿ ತಪ್ಪಿಲ್ಲ.

ಐದು ವರ್ಷ ಮೀರಿದ ವಾಹನಕ್ಕೆ ಮೇಲಿನ ಪಟ್ಟಿ ಅನ್ವಯಿಸುವುದಿಲ್ಲ. ಆಗ ಅದೇ ಮಾದರಿಯ, ಅದೇ ವರ್ಷದ ಕನಿಷ್ಠ ಮೂರು ವಾಹನಗಳ ಬೆಲೆಯನ್ನು ಸುತ್ತಲಿನ ಪಟ್ಟಣಗಳಲ್ಲಿ ವಿಚಾರಿಸಿ, ವಾಹನದ ಸ್ಥಿತಿ ಮತ್ತು ನೋಂದಣಿಯ ಉಳಿದ ಅವಧಿಯನ್ನು ಹೋಲಿಸಿ ತೀರ್ಮಾನಿಸುವುದು ಸೂಕ್ತ.

3. ಮಾರಾಟವಾಗದೆ ಉಳಿದ ಹಳೆಯ ದಾಸ್ತಾನು

ತಯಾರಾಗಿ ಬಹುಕಾಲ ಮಳಿಗೆಯಲ್ಲಿ ಉಳಿದ ವಾಹನವು ಮೀಟರಿನಲ್ಲಿ ಹೊಸದಾಗಿ ಕಂಡರೂ ವಯಸ್ಸಿನಲ್ಲಿ ಹೊಸದಲ್ಲ. ತಯಾರಿಕೆಯ ತಿಂಗಳು ಮತ್ತು ವರ್ಷವು ನೋಂದಣಿ ಪತ್ರದಲ್ಲಿ ನೋಂದಣಿ ದಿನಾಂಕದಿಂದ ಪ್ರತ್ಯೇಕವಾಗಿ ನಮೂದಾಗುತ್ತದೆ. ಮುಂದೆ ಅದನ್ನು ಮಾರುವಾಗ ಕೊಳ್ಳುವವರು ತಯಾರಿಕೆಯ ವರ್ಷವನ್ನೇ ನೋಡುವುದರಿಂದ, ಆ ನಷ್ಟಕ್ಕೆ ತಕ್ಕ ರಿಯಾಯಿತಿಯನ್ನು ಖರೀದಿಯ ಸಮಯದಲ್ಲಿಯೇ ಕೇಳಬೇಕು. ನಿಂತಲ್ಲೇ ನಿಂತ ವಾಹನದ ಬ್ಯಾಟರಿ ಮತ್ತು ಟಯರುಗಳು ದುರ್ಬಲಗೊಂಡಿರಬಹುದು. ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಿಂದ ಅದರ ವಯಸ್ಸು ತಿಳಿಯುತ್ತದೆ. 3223 ಎಂದಿದ್ದರೆ 2023ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದ ಟಯರು ಎಂದರ್ಥ.

ಹೊರಸೂಸುವಿಕೆಯ ಮಾನದಂಡ ಬದಲಾದಾಗ ಹಳೆಯ ದಾಸ್ತಾನಿನ ಬೆಲೆ ಏಕಾಏಕಿ ಕುಸಿಯುತ್ತದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟ ನಿಂತಾಗ, ಅದಕ್ಕೂ ಹಿಂದಿನ ಕೆಲವು ದಿನಗಳಲ್ಲಿ ದ್ವಿಚಕ್ರ ವಾಹನಗಳನ್ನು ಭಾರಿ ರಿಯಾಯಿತಿಯಲ್ಲಿ ಮಾರಲಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಗೆ ಬಂದಾಗ ಬಿಎಸ್-4 ವಾಹನಗಳಿಗೂ ಅದೇ ಸ್ಥಿತಿ ಒದಗಿತು. ಆದ್ದರಿಂದ, ಎಂದೂ ನೋಂದಣಿಯಾಗದ ಬಿಎಸ್-4 ಅಥವಾ ಅದಕ್ಕೂ ಹಳೆಯ ಮೋಟಾರ್ ಸೈಕಲನ್ನು ಯಾರಾದರೂ ಇಂದು “ಹೊಸದು” ಎಂದು ಮಾರಲು ಬಂದರೆ ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ನೋಂದಣಿಯಿಲ್ಲದೆ ಅದನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ.

4. ವಾಹನದ ಪರಿಶೀಲನೆ ಮತ್ತು ದುರಸ್ತಿಯ ಕಡಿತ

ವಾಹನವು ಎಲ್ಲಿ, ಯಾವ ಕೆಲಸಕ್ಕೆ ಓಡಿದೆ ಎಂಬುದನ್ನು ಕೇಳಿ ತಿಳಿಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿರುವ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ಗದ್ದೆಯ ಕೆಸರಿನಲ್ಲಿ ಓಡಿದ ವಾಹನದ ಚೈನು, ಚಕ್ರದ ಬೇರಿಂಗು, ಬ್ರೇಕು ಹಾಗೂ ಸೈಲೆನ್ಸರಿನ ತಳಭಾಗವನ್ನು ತುಕ್ಕಿಗಾಗಿ ನೋಡಬೇಕು. ಗೊಬ್ಬರದ ಚೀಲ, ಹಾಲಿನ ಕ್ಯಾನುಗಳನ್ನು ಹೊತ್ತ ವಾಹನದಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಸೋತಿರುತ್ತದೆ, ರಿಮ್ಮು ಓರೆಯಾಗಿರಬಹುದು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಸೀಮೆಯಲ್ಲಿ ಧೂಳೇ ಮುಖ್ಯ ಶತ್ರು. ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಪಿಸ್ಟನ್ ರಿಂಗುಗಳು ಸವೆದು, ಸೈಲೆನ್ಸರಿನಿಂದ ನೀಲಿ ಛಾಯೆಯ ಹೊಗೆ ಬರುತ್ತದೆ. ಇದು ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಜಾಲಿಮುಳ್ಳಿನ ದಾರಿಯಲ್ಲಿ ಓಡಿದ ಗಾಡಿಯ ಟ್ಯೂಬಿಗೆ ಎಷ್ಟು ಪಂಕ್ಚರ್ ಬಿದ್ದಿವೆ ಎಂಬುದನ್ನೂ ಕೇಳಬೇಕು. ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ನಡುವೆ ಕೆಲಸಕ್ಕೆ ದಿನನಿತ್ಯ ಹೋಗಿಬಂದ ವಾಹನವು ನೋಡಲು ಚೊಕ್ಕಟವಾಗಿದ್ದರೂ ಹೆಚ್ಚು ಕಿಲೋಮೀಟರ್ ಓಡಿರುತ್ತದೆ.

ಮೀಟರಿನ ಅಂಕಿಯನ್ನು ಮಾತ್ರ ನಂಬಬಾರದು. ದಿನಕ್ಕೆ 30 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದರೆ 9,000 ಕಿ.ಮೀ. ಆಗುತ್ತದೆ. ಐದು ವರ್ಷ ಹೀಗೆ ಬಳಸಿದ ವಾಹನದ ಮೀಟರು 12,000 ತೋರಿಸುತ್ತಿದ್ದರೆ ಕಾರಣವನ್ನು ಕೇಳಲೇಬೇಕು. ಬ್ರೇಕ್ ಪೆಡಲಿನ ರಬ್ಬರು, ಕಾಲಿಡುವ ಫುಟ್‌ರೆಸ್ಟ್ ಮತ್ತು ಹ್ಯಾಂಡಲಿನ ಹಿಡಿಗಳ ಸವೆತವನ್ನು ಸರ್ವೀಸ್ ಪುಸ್ತಕದೊಂದಿಗೆ ಹೋಲಿಸಿದರೆ ನಿಜಾಂಶ ತಿಳಿಯುತ್ತದೆ. ಎಂಜಿನ್ ತಣ್ಣಗಿರುವಾಗ, ಹಗಲು ಬೆಳಕಿನಲ್ಲಿ, ತಾವೇ ಚಾಲೂ ಮಾಡಿ ನೋಡಬೇಕು. 2020ರ ನಂತರದ ಬಿಎಸ್-6 ವಾಹನಗಳಲ್ಲಿ ಹೆಚ್ಚಿನವು ಕಾರ್ಬುರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್ ಹೊಂದಿದ್ದು, ಅವುಗಳ ಎಚ್ಚರಿಕೆ ದೀಪ ಆರದೆ ಉರಿಯುತ್ತಿದ್ದರೆ ದುರಸ್ತಿಯ ಖರ್ಚನ್ನು ತಿಳಿಯದೆ ಮುಂಗಡ ನೀಡಬಾರದು.

ತಮ್ಮ ಪರಿಚಯದ ಮೆಕ್ಯಾನಿಕ್‌ರಿಂದ ದುರಸ್ತಿಯ ಅಂದಾಜನ್ನು ಬರೆಸಿಕೊಂಡು ಬೆಲೆಯಿಂದ ಕಳೆಯಬೇಕು. ಮೇಲಿನ ಉದಾಹರಣೆಯಲ್ಲಿ ಟಯರು, ಚೈನ್ ಸ್ಪ್ರಾಕೆಟ್ ಮತ್ತು ಬ್ಯಾಟರಿಗೆ ಒಟ್ಟು ರೂ. 5,250 ತಗಲುವುದಾದರೆ ನ್ಯಾಯವಾದ ಬೆಲೆ ರೂ. 39,000ದ ಆಸುಪಾಸಿನಲ್ಲಿರುತ್ತದೆ.

5. ದಾಖಲೆಗಳ ಪರಿಶೀಲನೆ

ನೋಂದಣಿ ಪತ್ರದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಅಚ್ಚಿನೊಂದಿಗೆ ಅಕ್ಷರಶಃ ಹೋಲಿಸತಕ್ಕದ್ದು. ಉಜ್ಜಿದ ಅಥವಾ ಮರು ಅಚ್ಚೊತ್ತಿದ ಗುರುತು ಕಂಡುಬಂದಲ್ಲಿ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆಯನ್ನು ನಮೂದಿಸಿ ನೋಂದಣಿ ಮತ್ತು ವಿಮೆಯ ಅವಧಿಯನ್ನು ನೋಡಬಹುದು. ಬಾಕಿ ದಂಡಗಳನ್ನು ಮಾರುವವರೇ ತೀರಿಸಿ ಕೊಡಬೇಕೆಂದು ಮೊದಲೇ ತಿಳಿಸಬೇಕು.

ಸಾಲದ ಮೇಲೆ ಕೊಂಡ ವಾಹನವಾಗಿದ್ದಲ್ಲಿ ಸಾಲ ತೀರಿದ ಬಗ್ಗೆ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಪತ್ರ ಮತ್ತು ಸಹಿ ಮಾಡಿದ ನಮೂನೆ 35 ಇರಬೇಕು. ಕಂತು ಬಾಕಿಯಿರುವ ವಾಹನವನ್ನು ಕೊಂಡವರು ಹಣವನ್ನೂ ವಾಹನವನ್ನೂ ಕಳೆದುಕೊಳ್ಳುವ ಸಂಭವವಿದೆ. ಬೇರೆ ರಾಜ್ಯದ ವಾಹನವಾಗಿದ್ದಲ್ಲಿ ಅಲ್ಲಿನ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದ ಸಂಖ್ಯೆ ಪಡೆಯುವಾಗ ವಾಹನದ ವಯಸ್ಸಿಗೆ ಅನುಗುಣವಾದ ಜೀವಾವಧಿ ತೆರಿಗೆಯನ್ನೂ ಇಲ್ಲಿ ಪಾವತಿಸಬೇಕಾಗುತ್ತದೆ. ಈ ಮೊತ್ತವನ್ನು ಸೇರಿಸಿದರೆ ಹೊರರಾಜ್ಯದ “ಅಗ್ಗದ” ವಾಹನವು ಅನೇಕ ಬಾರಿ ಅಗ್ಗವಾಗಿ ಉಳಿಯುವುದಿಲ್ಲ.

6. ಹದಿನೈದು ವರ್ಷ ಸಮೀಪಿಸಿದ ಅಥವಾ ಮೀರಿದ ವಾಹನ

ಮೋಟಾರ್ ಸೈಕಲ್‌ನ ನೋಂದಣಿಯು 15 ವರ್ಷಗಳವರೆಗೆ ಮಾತ್ರ ಸಿಂಧುವಾಗಿರುತ್ತದೆ. ತದನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ನವೀಕರಣ ಶುಲ್ಕ ರೂ. 1,000. 20 ವರ್ಷ ಮೀರಿದ ಮೋಟಾರ್ ಸೈಕಲ್‌ಗಳಿಗೆ ಇದನ್ನು 2025ರ ಆಗಸ್ಟ್ ತಿಂಗಳಲ್ಲಿ ರೂ. 2,000ಕ್ಕೆ ಏರಿಸಲಾಯಿತು. ಇದರ ಜೊತೆಗೆ ಹಸಿರು ತೆರಿಗೆಯೂ ಇರುತ್ತದೆ. ಅವಧಿ ಮುಗಿದ ನಂತರ ವಿಳಂಬ ಮಾಡಿದಲ್ಲಿ, 2022ರ ಅದೇ ನಿಯಮದಂತೆ ಪ್ರತಿ ತಿಂಗಳಿಗೆ ರೂ. 300ರಂತೆ ಹೆಚ್ಚುವರಿ ಶುಲ್ಕ ಸೇರುತ್ತದೆ.

ಒಂದು ಉದಾಹರಣೆ. ನೋಂದಣಿ ಮುಗಿದು 30 ತಿಂಗಳಾದ ವಾಹನವನ್ನು ರೂ. 12,000ಕ್ಕೆ ಕೊಡುವುದಾಗಿ ಹೇಳುತ್ತಾರೆ ಎಂದುಕೊಳ್ಳೋಣ. ವಿಳಂಬ ಶುಲ್ಕ ರೂ. 9,000 ಮತ್ತು ನವೀಕರಣ ಶುಲ್ಕ ರೂ. 1,000 ಸೇರಿದರೆ, ದುರಸ್ತಿಗೆ ಮೊದಲೇ ಅದರ ನಿಜವಾದ ಬೆಲೆ ರೂ. 22,000 ಆಗುತ್ತದೆ. ಆದ್ದರಿಂದ ಇಂತಹ ವಾಹನವನ್ನು ಮಾರುವವರೇ ನವೀಕರಿಸಿ ಕೊಡಬೇಕು, ಇಲ್ಲವೇ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಬೇಕು.

7. ಹೆಸರು ವರ್ಗಾವಣೆ: ವ್ಯವಹಾರದ ಕೊನೆಯ ಹಾಗೂ ಮುಖ್ಯ ಹಂತ

ಕೀಲಿ ಕೈ ಬದಲಾದ ಮಾತ್ರಕ್ಕೆ ಮಾರಾಟ ಪೂರ್ಣಗೊಂಡಿತೆಂದು ಭಾವಿಸಬಾರದು. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 50ರಂತೆ, ರಾಜ್ಯದೊಳಗೆ ನೋಂದಣಿಯಾದ ವಾಹನವನ್ನು ಮಾರಿದವರು 14 ದಿನಗಳೊಳಗೆ ಮತ್ತು ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ಇದಕ್ಕೆ ನಮೂನೆ 29 ಮತ್ತು 30ನ್ನು ಬಳಸಲಾಗುತ್ತದೆ. ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ 5 ವರ್ಷಗಳ ಮೂರನೆಯ ವ್ಯಕ್ತಿ ವಿಮೆಯನ್ನು ಕಡ್ಡಾಯಗೊಳಿಸಿರುವುದರಿಂದ, ಉಳಿದ ಅವಧಿ ಎಷ್ಟೆಂಬುದನ್ನು ಬೆಲೆ ಮಾತನಾಡುವಾಗಲೇ ನೋಡಿಕೊಳ್ಳಬೇಕು.

ಖಾಲಿ ನಮೂನೆಗಳಿಗೆ ಸಹಿ ಮಾಡಿ ಮಧ್ಯವರ್ತಿಯ ಕೈಗೆ ಕೊಟ್ಟು ಮರೆತುಬಿಡುವ ರೂಢಿಯು ಮಾರುವವರಿಗೇ ಅಪಾಯಕಾರಿ. ಹಲವು ಕೈ ಬದಲಾದರೂ ದಾಖಲೆಯಲ್ಲಿ ಹೆಸರು ಬದಲಾಗದ ವಾಹನವೊಂದರ ಅಪಘಾತ ಪ್ರಕರಣದಲ್ಲಿ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರೆಂದೂ ಪರಿಹಾರದ ಹೊಣೆ ಅವರದೇ ಎಂದೂ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ತೀರ್ಪು ನೀಡಿದೆ. ಕೆಲವು ಸಾವಿರ ರೂಪಾಯಿಗೆ ಮಾರಿದ ಹಳೆಯ ಗಾಡಿಯು ಮಾರಿದವರ ಹೊಲ ಮನೆಗಳಿಗೇ ಕುತ್ತು ತರಬಹುದು. ಮಾರಾಟದ ದಿನಾಂಕ ಮತ್ತು ವೇಳೆಯನ್ನು ನಮೂದಿಸಿದ ರಸೀದಿ ಹಾಗೂ ಕೊಂಡವರ ಗುರುತಿನ ಚೀಟಿಯ ಪ್ರತಿಯನ್ನು ಮಾರುವವರು ಇಟ್ಟುಕೊಳ್ಳಬೇಕು. ಬೆಲೆಯ ಒಂದು ಭಾಗವನ್ನು ಹೆಸರು ವರ್ಗಾವಣೆಯಾಗುವವರೆಗೆ ಬಾಕಿ ಉಳಿಸಿಕೊಳ್ಳುವ ಕರಾರನ್ನು ಬರಹದಲ್ಲಿ ಮಾಡಿಕೊಂಡರೆ ಇಬ್ಬರಿಗೂ ಕೆಲಸ ಮುಗಿಸುವ ಆಸಕ್ತಿ ಇರುತ್ತದೆ.

ಮುಕ್ತಾಯ

ಸುಗ್ಗಿಯ ಹಣ ಕೈಗೆ ಬಂದಾಗ, ಹಬ್ಬ ಜಾತ್ರೆಗಳ ಮುನ್ನ, ಅವಸರದಲ್ಲಿ ವಾಹನ ಕೊಳ್ಳುವುದು ಸಹಜ. ಅಂತಹ ಸಮಯದಲ್ಲಿಯೂ ಒಂದು ಹಾಳೆಯ ಮೇಲೆ ಇಂದಿನ ಹೊಸ ಬೆಲೆ, ವಯಸ್ಸಿನ ಕಡಿತ, ದುರಸ್ತಿ ಮತ್ತು ದಾಖಲೆಗಳ ಖರ್ಚು ಎಂಬ ನಾಲ್ಕು ಸಾಲುಗಳನ್ನು ಬರೆದು, ಮಾರುವವರ ಎದುರಿಗೇ ಲೆಕ್ಕ ಹಾಕಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಹೀಗೆ ನಿರ್ಧರಿಸಿದ ಬೆಲೆಯಲ್ಲಿ ಕೊಂಡವರಿಗೆ ಮೋಸ ಹೋದೆನೆಂಬ ಕೊರಗು ಇರುವುದಿಲ್ಲ, ಮಾರಿದವರಿಗೆ ಮುಂದೊಂದು ದಿನ ನೋಟೀಸು ಬರುವ ಭಯವೂ ಇರುವುದಿಲ್ಲ.