ಹೆರಿಗೆಯ ನಂತರ ಸಡಿಲಗೊಂಡ ಹೊಟ್ಟೆ: ಆಪರೇಷನ್‌ಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಗುವಿಗೆ ಎರಡು ವರ್ಷ ತುಂಬಿದ ಮೇಲೂ "ಈಗ ಎಷ್ಟು ತಿಂಗಳು?" ಎಂದು ಕೇಳಿಸಿಕೊಳ್ಳುವ ತಾಯಂದಿರು ನಮ್ಮ ನಡುವೆ ಅನೇಕರಿದ್ದಾರೆ. ಕೇಳಿದವರು ನಕ್ಕು ಮುಂದೆ ಹೋಗುತ್ತಾರೆ. ಕೇಳಿಸಿಕೊಂಡವಳು ಮದುವೆ ಮನೆಗೆ ಹೋಗುವುದನ್ನೇ ಕಡಿಮೆ ಮಾಡುತ್ತಾಳೆ. ಇಂಥವರಿಗೆ ಮೊಬೈಲಿನಲ್ಲಿ "ಒಂದೇ ದಿನದಲ್ಲಿ ಹೊಟ್ಟೆ ಮಾಯ" ಎಂಬ ಜಾಹೀರಾತು ಕಂಡರೆ ಆಸೆ ಹುಟ್ಟುವುದು ಸಹಜ. ಆದುದರಿಂದ ಈ ಶಸ್ತ್ರಚಿಕಿತ್ಸೆ ಎಂದರೆ ಏನು, ಅದು ಯಾರಿಗೆ, ಯಾವಾಗ ಎಂಬುದನ್ನು ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಬರೆಯುವಾಗ ನಮ್ಮ ಕಣ್ಣ ಮುಂದೆ ಇರುವುದು ಮಂಗಳೂರು ಅಥವಾ ಬೆಂಗಳೂರಿನ ತಾಯಿಯಲ್ಲ, ಕೊಪ್ಪಳ ಜಿಲ್ಲೆಯ ಕುಕನೂರಿನಂಥ ಊರಿನ ತಾಯಿ. ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಕುಕನೂರು ಈಗ ಸ್ವತಃ ತಾಲ್ಲೂಕು ಕೇಂದ್ರ. ಧರ್ಮಸಭೆಯ ಲೆಕ್ಕದಲ್ಲಿ ಆ ಪ್ರದೇಶವು ಬಳ್ಳಾರಿ ಧರ್ಮಪ್ರಾಂತ್ಯದ್ದು. ಕರಾವಳಿಯಿಂದ ಆ ಕಡೆಗೆ ಸೇವೆಗೆ ಹೋಗುವ ಧರ್ಮಭಗಿನಿಯರನ್ನೂ ಕಾರ್ಯಕರ್ತರನ್ನೂ ಮನೆ ಭೇಟಿಯ ಸಮಯದಲ್ಲಿ ಹೆಂಗಸರು ಒಳಗೆ ಕರೆದು ಮೆಲ್ಲಗೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು. ಉತ್ತರ ಗೊತ್ತಿದ್ದರೆ ಒಳ್ಳೆಯದು.

ಹೆರಿಗೆಯ ನಂತರ ಉಳಿಯುವ ಹೊಟ್ಟೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ಕೊಬ್ಬು. ಇನ್ನೊಂದು, ಹಿಗ್ಗಿ ತನ್ನ ಸೆಳೆತ ಕಳೆದುಕೊಂಡ ಚರ್ಮ. ಮೂರನೆಯದನ್ನು ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ನಮ್ಮ ಹೊಟ್ಟೆಯ ಮುಂಭಾಗದಲ್ಲಿ ಎದೆಯಿಂದ ಕೆಳಗಿನವರೆಗೆ ಎರಡು ಪಟ್ಟಿಯಂಥ ಸ್ನಾಯುಗಳಿದ್ದು, ನಡುವೆ ಬಿಳಿಯ ಗಟ್ಟಿ ನಾರಿನ ಗೆರೆಯೊಂದು ಅವನ್ನು ಬೆಸೆದಿರುತ್ತದೆ. ಗರ್ಭ ಬೆಳೆದಂತೆ ಈ ಗೆರೆ ಅಗಲವಾಗಿ, ತೆಳ್ಳಗಾಗಿ, ಸ್ನಾಯುಗಳು ಎರಡು ಬದಿಗೆ ಸರಿಯುತ್ತವೆ. ವೈದ್ಯರು ಇದನ್ನು ಡಯಾಸ್ಟಾಸಿಸ್ ಎನ್ನುತ್ತಾರೆ. ಹೆರಿಗೆಯ ನಂತರ ಹಲವರಲ್ಲಿ ಅವು ತಾವಾಗಿಯೇ ಹತ್ತಿರ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ನಾರ್ವೆ ದೇಶದಲ್ಲಿ ಚೊಚ್ಚಲ ಹೆರಿಗೆಯ 300 ತಾಯಂದಿರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ನಂತರವೂ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಬಿರುಕು ಉಳಿದಿತ್ತು. ಅಂದರೆ ಹೊಟ್ಟೆ ಮುಂದೆ ಬಂದಿರುವುದು ಸೋಮಾರಿತನದಿಂದ ಎಂದು ಹೇಳುವುದು ಅನ್ಯಾಯ. ದಿನವಿಡೀ ಹೊಲದಲ್ಲಿ ಕಳೆ ತೆಗೆಯುವ ತೆಳ್ಳಗಿನ ಹೆಂಗಸಿಗೂ ಇದು ಇರಬಹುದು.

ಮನೆಯಲ್ಲೇ ನೋಡಿಕೊಳ್ಳುವ ವಿಧಾನ ಸುಲಭ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನು ಸ್ವಲ್ಪ ಎತ್ತಿ, ಹೊಕ್ಕುಳದ ಮೇಲೆ ಬೆರಳುಗಳನ್ನು ಅಡ್ಡ ಇಟ್ಟು ಒತ್ತಬೇಕು. ಎರಡು ಬೆರಳಿಗಿಂತ ಹೆಚ್ಚು ಒಳಗೆ ಇಳಿದರೆ ಬಿರುಕು ಇದೆ ಎಂದು ಅರ್ಥ. ಇದರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ಹೊಕ್ಕುಳದಲ್ಲಿ ಗಂಟಿನಂತೆ ಉಬ್ಬಿ, ಕೆಮ್ಮಿದಾಗ ಹೊರಬಂದು ಮಲಗಿದಾಗ ಒಳಹೋಗುತ್ತಿದ್ದರೆ ಅದು ಹರ್ನಿಯಾ ಆಗಿರಬಹುದು. ಗಂಟು ಒಳಹೋಗದೆ ನೋವು, ವಾಂತಿ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸೌಂದರ್ಯದ ಮಾತು ಅಲ್ಲಿಗೆ ಮುಗಿಯಿತು.

ಉತ್ತರ ಕರ್ನಾಟಕದ ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯುವ ಪದ್ಧತಿ ಇದೆ, ಕರಾವಳಿಯಲ್ಲೂ ಇದೆ. ಇದರಿಂದ ಬೆನ್ನಿಗೆ ಆಧಾರ ಸಿಗುತ್ತದೆ, ಹಿತವೆನಿಸುತ್ತದೆ. ಆದರೆ ಬಟ್ಟೆಯು ಸರಿದ ಸ್ನಾಯುಗಳನ್ನು ಹೊಲಿಯಲಾರದು, ಅತಿಯಾಗಿ ಬಿಗಿದರೆ ಕೆಳಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಅಂಟಿನ ಉಂಡೆಯ ಬಗ್ಗೆ ನಾವು ಏನೂ ಹೇಳುವುದಿಲ್ಲ, ಅಜ್ಜಿಯರು ಬಿಡುವವರಲ್ಲ. ಎರಡನೇ ತಿಂಗಳ ನಂತರವೂ ಅದೇ ಪ್ರಮಾಣದಲ್ಲಿ ತಿಂದರೆ ತೂಕ ಇಳಿಯದು ಎಂಬುದನ್ನಷ್ಟೇ ನೆನಪಿಸುತ್ತೇವೆ. "ಮಕ್ಕಳಾಗದ ಆಪರೇಷನ್ ಮಾಡಿಸಿದ್ದರಿಂದ ಹೊಟ್ಟೆ ಬಂತು" ಎಂಬ ಮಾತು ಮಾತ್ರ ಸರಿಯಲ್ಲ. ಆ ಆಪರೇಷನ್‌ನಲ್ಲಿ ಗರ್ಭನಾಳಗಳನ್ನು ಮುಚ್ಚುತ್ತಾರೆಯೇ ಹೊರತು ಹೊಟ್ಟೆಯ ಸ್ನಾಯುಗಳನ್ನು ಬಿಡಿಸುವುದಿಲ್ಲ. ಹೊಟ್ಟೆ ಸಡಿಲಗೊಂಡದ್ದು ಅದಕ್ಕಿಂತ ಮುಂಚಿನ ಬಸಿರುಗಳಿಂದ.

ಸರಿಯಾದ ವ್ಯಾಯಾಮದಿಂದ ಸ್ನಾಯುಗಳಿಗೆ ಬಲ ಬರುತ್ತದೆ, ಹಲವರಿಗೆ ಅಷ್ಟೇ ಸಾಕು. ಹಿಗ್ಗಿದ ಚರ್ಮವನ್ನು ಮಾತ್ರ ಯಾವ ವ್ಯಾಯಾಮವೂ ಯಾವ ಮುಲಾಮೂ ಒಳಗೆಳೆಯಲಾರದು. ಬಹಳ ತೂಕ ಇಳಿಸಿದವರ ಕಷ್ಟವೂ ಇದೇ. ಕೊಬ್ಬು ಹೋಗುತ್ತದೆ, ಚರ್ಮ ಚೀಲದಂತೆ ಜೋತು ಬೀಳುತ್ತದೆ. ಕೊಪ್ಪಳದ ಬೇಸಿಗೆಯ ಬೆವರಿನಲ್ಲಿ ಆ ಮಡಿಕೆಯೊಳಗೆ ಗುಳ್ಳೆ, ತುರಿಕೆ, ಹುಣ್ಣು ಆಗುವುದನ್ನು ಅನುಭವಿಸಿದವರೇ ಬಲ್ಲರು.

ಇಂಥ ಚರ್ಮವನ್ನು ತೆಗೆದು ಸ್ನಾಯುಗಳನ್ನು ಹತ್ತಿರ ತಂದು ಹೊಲಿಯುವ ಶಸ್ತ್ರಚಿಕಿತ್ಸೆಯೇ ಅಬ್ಡಾಮಿನೋಪ್ಲಾಸ್ಟಿ. ಜನ ಟಮ್ಮಿ ಟಕ್ ಎನ್ನುತ್ತಾರೆ. (ಇಲ್ಲಿ ಪ್ಲಾಸ್ಟಿಕ್ ವಸ್ತು ಏನನ್ನೂ ಒಳಗೆ ಇಡುವುದಿಲ್ಲ. ಗ್ರೀಕ್ ಮೂಲದ ಆ ಪದಕ್ಕೆ ಆಕಾರ ಕೊಡುವುದು ಎಂದರ್ಥ.) ಅಮೆರಿಕದ ಬಾಲ್ಟಿಮೋರಿನಲ್ಲಿ ಹೊವಾರ್ಡ್ ಕೆಲ್ಲಿ ಎಂಬ ಸ್ತ್ರೀರೋಗ ತಜ್ಞರು ಜೋತುಬಿದ್ದ ಹೊಟ್ಟೆಯನ್ನು ತೆಗೆದ ವಿಷಯವನ್ನು 1899ರಲ್ಲೇ ವರದಿ ಮಾಡಿದ್ದರು. ಈಗಿನ ವಿಧಾನದಲ್ಲಿ ಪೂರ್ಣ ಅರಿವಳಿಕೆ ಕೊಟ್ಟು, ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೆಳಹೊಟ್ಟೆಯಲ್ಲಿ ಕೊಯ್ಯುತ್ತಾರೆ. ಚರ್ಮವನ್ನು ಪಕ್ಕೆಲುಬಿನವರೆಗೂ ಬಿಡಿಸಿ ಎತ್ತಿ, ಸ್ನಾಯುಗಳನ್ನು ಹೊಲಿದು, ಚರ್ಮವನ್ನು ಕೆಳಗೆಳೆದು ಹೆಚ್ಚಿನದನ್ನು ಕತ್ತರಿಸುತ್ತಾರೆ. ಹೊಕ್ಕುಳ ತನ್ನ ಜಾಗದಲ್ಲೇ ಇದ್ದು, ಅದಕ್ಕೆ ಚರ್ಮದಲ್ಲಿ ಹೊಸ ರಂಧ್ರ ಮಾಡುತ್ತಾರೆ. ಎರಡರಿಂದ ನಾಲ್ಕು ಗಂಟೆಯ ಕೆಲಸ. ಉದ್ದನೆಯ ಕಲೆ ಜೀವನಪೂರ್ತಿ ಉಳಿಯುತ್ತದೆ.

ಲೈಪೋಸಕ್ಷನ್ ಇದಲ್ಲ. ಅದರಲ್ಲಿ ಕೊಳವೆಯಿಂದ ಕೊಬ್ಬನ್ನು ಮಾತ್ರ ಹೀರಿ ತೆಗೆಯುತ್ತಾರೆ. ಸಡಿಲ ಚರ್ಮದವರಿಗೆ ಅದೊಂದನ್ನೇ ಮಾಡಿದರೆ ಚರ್ಮ ಇನ್ನಷ್ಟು ಜೋಲುತ್ತದೆ. ಎರಡೂ ಸಣ್ಣ ಕೆಲಸ ಎಂದು ತಿಳಿಯಬಾರದು. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಅವರು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ಅವರಿಗೆ ಕೇವಲ 21 ವರ್ಷ. ತಮಗೆ ತಿಳಿಸದೆ ಮಗಳು ಹೋಗಿದ್ದಳು ಎಂದು ಹೆತ್ತವರು ಅಂದು ಗೋಳಾಡಿದ್ದನ್ನು ಟಿ.ವಿ.ಯಲ್ಲಿ ಅನೇಕರು ನೋಡಿದ್ದೀರಿ. ಅಮೆರಿಕದ ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ ಡೋಂಡಾ ವೆಸ್ಟ್ 2007ರ ನವೆಂಬರ್‌ನಲ್ಲಿ ಟಮ್ಮಿ ಟಕ್ ಸೇರಿದಂತೆ ಹಲವು ಸೌಂದರ್ಯ ಶಸ್ತ್ರಚಿಕಿತ್ಸೆಗಳನ್ನು ಒಟ್ಟಿಗೆ ಮಾಡಿಸಿಕೊಂಡ ಮರುದಿನ ತೀರಿಕೊಂಡರು. ಅವರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು ಎಂಬುದು ನಂತರ ತಿಳಿಯಿತು. ಇಂಥ ಶಸ್ತ್ರಚಿಕಿತ್ಸೆಗೆ ಮುನ್ನ ದೇಹ ಪರೀಕ್ಷೆ ಕಡ್ಡಾಯ ಎಂಬ ಕಾನೂನನ್ನು ಕ್ಯಾಲಿಫೋರ್ನಿಯಾ ರಾಜ್ಯ 2009ರಲ್ಲಿ ಅವರ ಹೆಸರಿನಲ್ಲೇ ಮಾಡಿತು. ಇದನ್ನು ಹೆದರಿಸಲು ಬರೆಯುತ್ತಿಲ್ಲ, ಹೆಚ್ಚಿನವರು ಗುಣವಾಗಿಯೇ ಮನೆಗೆ ಬರುತ್ತಾರೆ. ಆದರೆ ಮುಚ್ಚಿಟ್ಟು, ಅವಸರದಲ್ಲಿ, ಪರೀಕ್ಷೆಗಳಿಲ್ಲದೆ ಮಾಡಿಸುವ ಕೆಲಸ ಇದಲ್ಲ.

ಇನ್ನೂ ಮಕ್ಕಳು ಬೇಕು ಎನ್ನುವವರು ಕಾಯುವುದು ಲೇಸು. ಆಪರೇಷನ್ ನಂತರ ಬಸಿರಾದರೆ ಮಗುವಿಗೆ ತೊಂದರೆಯಿಲ್ಲ, ಹೊಟ್ಟೆ ಮಾತ್ರ ಮತ್ತೆ ಹಿಗ್ಗುತ್ತದೆ. ಸಿಸೇರಿಯನ್ ಜೊತೆಗೇ ಮಾಡಿಬಿಡಿ ಎಂದು ಕೇಳುವವರಿದ್ದಾರೆ. ಆಗ ಗರ್ಭಕೋಶ ಇನ್ನೂ ದೊಡ್ಡದಿರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಆದ್ದರಿಂದ ಹೆರಿಗೆಯಾಗಿ ಕನಿಷ್ಠ ಆರು ತಿಂಗಳು, ಹಾಲೂಡಿಸುವುದು ನಿಲ್ಲುವವರೆಗೂ ತಡೆಯಬೇಕು. ತೂಕ ಇಳಿಸಿದವರ ತೂಕವು ಆರು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ರಕ್ತಹೀನತೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಎಲೆ ಅಡಿಕೆಯ ಜೊತೆ ತಂಬಾಕು ಹಾಕುವವರು ವೈದ್ಯರಿಗೆ ಮುಚ್ಚಿಡಬಾರದು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಹೊಲಿದ ಚರ್ಮ ಕೊಳೆಯಬಹುದು. ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು.

ಆಪರೇಷನ್‌ಗಿಂತ ದೊಡ್ಡ ಪ್ರಶ್ನೆ ಮನೆಗೆ ಬಂದ ಮೇಲಿನದ್ದು. ಮೊದಲ ಕೆಲವು ದಿನ ಬಗ್ಗಿಯೇ ನಡೆಯಬೇಕು. ಸುಮಾರು ಆರು ವಾರ ಬಿಗಿ ಪಟ್ಟಿ ಧರಿಸಬೇಕು, ಕೊಡ ಎತ್ತುವಂತಿಲ್ಲ, ಹೊಲದ ಕೆಲಸವಿಲ್ಲ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಕುಕನೂರಿನ ಮನೆಯಲ್ಲಿ ಆ ಆರು ವಾರ ನೀರು ತರುವವರು ಯಾರು, ದಿನಗೂಲಿ ಎಲ್ಲಿಂದ ಬರಬೇಕು ಎಂಬುದನ್ನು ಗಂಡ, ಅತ್ತೆ ಕುಳಿತು ಮಾತಾಡದೆ ದಿನಾಂಕ ಗೊತ್ತುಮಾಡಬಾರದು. ಚರ್ಮದಡಿ ನೀರು ತುಂಬುವುದು ಸಾಮಾನ್ಯ ತೊಂದರೆಯಾದ್ದರಿಂದ ಹಲವು ಬಾರಿ ವೈದ್ಯರ ಬಳಿ ಹೋಗಬೇಕಾಗುತ್ತದೆ. 2025ರ ಮೇ ತಿಂಗಳಿಂದ ಕುಷ್ಟಗಿ-ಹುಬ್ಬಳ್ಳಿ ರೈಲು ಕುಕನೂರಿನ ಮೂಲಕ ಓಡುತ್ತಿರುವುದರಿಂದ ಹುಬ್ಬಳ್ಳಿಯ ದಾರಿ ಸ್ವಲ್ಪ ಹಗುರವಾಗಿದೆ. ಬೆಂಗಳೂರಿನಲ್ಲಿ ಮಾಡಿಸಿಕೊಂಡರೆ ಪ್ರತಿ ಸಲವೂ ಇಡೀ ರಾತ್ರಿಯ ಪ್ರಯಾಣ.

ಖರ್ಚಿನ ವಿಷಯದಲ್ಲೂ ಸ್ಪಷ್ಟತೆ ಬೇಕು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಗೆ ಹಣ ಸಿಗುವುದಿಲ್ಲ, ಹರ್ನಿಯಾ ಚಿಕಿತ್ಸೆಗೆ ಸಿಗುತ್ತದೆ. ಆದ್ದರಿಂದ ಸಾಲ ಮಾಡುವ ಮೊದಲು 2015ರಲ್ಲಿ ಆರಂಭವಾದ ಕೊಪ್ಪಳದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಿಗೆ ತೋರಿಸಿ, ಇರುವುದು ಹರ್ನಿಯಾವೋ ಬರೀ ಬಿರುಕೋ ಎಂದು ಕೇಳಿ ತಿಳಿಯಿರಿ. ಮುಂದುವರಿಯುವುದಾದರೆ, ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರೇ ಎಂದು ಕೇಳಲು ಸಂಕೋಚ ಬೇಡ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಪ್ರತಿ ಖಾಸಗಿ ಆಸ್ಪತ್ರೆಯೂ ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಿರಬೇಕು. ಅರಿವಳಿಕೆ ತಜ್ಞರು ಯಾರು, ತುರ್ತು ಸಂದರ್ಭಕ್ಕೆ ಐ.ಸಿ.ಯು. ಅದೇ ಕಟ್ಟಡದಲ್ಲಿದೆಯೇ ಎಂಬುದನ್ನೂ ಕೇಳಬೇಕು. ಉತ್ತರ ಹೇಳಲು ಬೇಸರಪಡುವ ಕಡೆ ಹಣ ಕಟ್ಟದಿರುವುದೇ ಜಾಣತನ.

ಆಪರೇಷನ್ ಮುಗಿಸಿ ಮನೆಗೆ ಬಂದವರನ್ನು ಭೇಟಿಯಾಗುವ ಕಾರ್ಯಕರ್ತರು ಮೂರು ಸಂಗತಿಗಳನ್ನು ವಿಚಾರಿಸಿರಿ: ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದೆಯೇ, ಉಸಿರಾಡಲು ಕಷ್ಟವೇ, ಜ್ವರ ಬಂದು ಗಾಯ ಕೆಂಪಾಗಿದೆಯೇ. ಮೊದಲ ಎರಡು ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರುವ ಲಕ್ಷಣಗಳಾಗಿರಬಹುದು. ಆಗ ಆಪರೇಷನ್ ಮಾಡಿದ ವೈದ್ಯರ ಫೋನಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.