ಫೈಬರ್ ತೇಲುವುದಿಲ್ಲ

ಅಂಗಳದಲ್ಲಿ ಹಾಯಿದೋಣಿ ಬಂದು ಕೂತ ಮೇಲೆ ನಮ್ಮ ಓಣಿಯ ಹುಡುಗರಿಗೆ ಸಂಜೆ ಬೇರೆ ಕೆಲಸವಿಲ್ಲ. ಒಬ್ಬ ಕೇಳಿದ: "ಕಾಕಾ, ತಳಕ್ಕ ತೂತು ಬಿದ್ರೂ ಏನಾಗಲ್ಲ ಅಲ್ರಿ? ಫೈಬರ್ ಅದ, ತೇಲ್ತದ." ನಾನು ಉತ್ತರ ಹೇಳಲಿಲ್ಲ. ಕತ್ತರಿಸಿ ಬಿದ್ದಿದ್ದ ಅಂಗೈಯಗಲದ ಒಂದು ತುಂಡನ್ನು ಅವನ ಕೈಗೆ ಕೊಟ್ಟು ಬಕೆಟ್ಟಿನ ನೀರಿಗೆ ಹಾಕು ಅಂದೆ. ತುಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತ ಇಳಿದು ತಳ ಸೇರಿತು. ಹುಡುಗ ಕೈ ಹಾಕಿ ತೆಗೆದು ಮತ್ತೆ ಹಾಕಿದ. ಮತ್ತೆ ಮುಳುಗಿತು.

ಫೈಬರ್‌ಗ್ಲಾಸ್ ನೀರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ. ಶಹಾಬಾದ್ ಕಲ್ಲಿಗೆ ಹೋಲಿಸಿದರೆ ಹಗುರ, ಆದರೆ ಮುಳುಗುವ ವಸ್ತುವೇ. ದೋಣಿಯನ್ನು ತೇಲಿಸುವುದು ಅದರ ಆಕಾರ. ಒಳಗೆ ನೀರು ತುಂಬಿದಾಗ ದೋಣಿಯನ್ನು ಮುಳುಗದಂತೆ ಹಿಡಿದಿಡುವುದು ಮುಂದೆ ಹಿಂದೆ ಇರುವ ಗಾಳಿಯ ಗೂಡುಗಳು. ನಾನು ಹೈದರಾಬಾದಿನಿಂದ ತಂದ ಈ ಹನ್ನೆರಡು ಅಡಿಯ ಹಳೆಯ ದೋಣಿಯಲ್ಲಿ ಮುಂದಿನ ಗೂಡಿನ ಮುಚ್ಚಳವೇ ಇರಲಿಲ್ಲ. ಅಂಥ ಮುಚ್ಚಳ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅಳತೆ ತೆಗೆದು ನಾವೇ ಎರಕ ಹಾಕಬೇಕು. ಆ ಒಂದು ಮುಚ್ಚಳ ಮಾಡುವಷ್ಟರಲ್ಲಿ ನನ್ನ ತಲೆಯಲ್ಲಿದ್ದ ಮತ್ತು ನೋಡಲು ಬಂದವರ ಬಾಯಲ್ಲಿದ್ದ ಎಷ್ಟೋ ನಂಬಿಕೆಗಳು ಒಂದೊಂದಾಗಿ ಬಿದ್ದುಹೋದವು.

"ಸಮುದ್ರ ಇಲ್ಲದ ಊರಾಗ ಹಾಯಿದೋಣಿ ಯಾಕ್ರಿ?" ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಹಾಯಿಗೆ ಬೇಕಾದದ್ದು ಗಾಳಿ ಮತ್ತು ಅಗಲವಾದ ನೀರು, ಉಪ್ಪಲ್ಲ. ನಮ್ಮ ಕಡೆಯ ಸೇಡಂನಿಂದ ರೈಲು ಹತ್ತಿದರೆ ಸಿಗುವ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಪಂದ್ಯಗಳು ಎಷ್ಟೋ ವರ್ಷಗಳಿಂದ ನಡೆದಿವೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿ ಕಟ್ಟುತ್ತಾರೆ. ನಮ್ಮ ಕಡೆ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ನೀರು ಕಣ್ಣಿಗೆ ಹಬ್ಬ, ಆದರೆ ಅದು ವನ್ಯಜೀವಿಧಾಮದ ನೀರು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ದೋಣಿ ಇಳಿಸುವ ಯೋಚನೆಯನ್ನೇ ಮಾಡಬಾರದು.

ಈಗ ಅಸಲಿ ಮಾತು. ಫೈಬರ್ ಅಂದರೆ ತಗಡಿನಂತೆ, ಪ್ಲೈವುಡ್ಡಿನಂತೆ ಅಂಗಡಿಯಿಂದ ತರುವ ಸರಕು ಎಂದೇ ಎಲ್ಲರ ಎಣಿಕೆ. ಬಹುತೇಕ ತಪ್ಪುಗಳ ಬೇರು ಇಲ್ಲೇ ಇದೆ. ಅಂಗಡಿಯಿಂದ ಬರುವುದು ಹತ್ತಿಯ ಹಾಸಿನಂಥ ಗಾಜಿನ ಮ್ಯಾಟ್, ಜೇನಿನಂಥ ರೆಸಿನ್, ಒಂದು ಸಣ್ಣ ಬಾಟಲಿ ಹಾರ್ಡನರ್. ಫೈಬರ್ ಎಂಬ ವಸ್ತು ಹುಟ್ಟುವುದು ನಮ್ಮ ಅಂಗಳದಲ್ಲಿ, ನಮ್ಮ ಕೈಯಲ್ಲಿ, ಅರ್ಧ ಗಂಟೆಯೊಳಗೆ. ಅದು ಗಟ್ಟಿಯೋ ಬೆಂಡೋ ಎಂಬುದು ಆ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ.

"ಬಿಸಿಲಿಗಿಡ್ರಿ, ಲಗೂ ಒಣಗ್ತದ." ಈ ಸಲಹೆ ಕೊಟ್ಟವರು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಜೀವಮಾನ ಕಳೆದ ಹಿರಿಯರು. ಅವರಿಗೆ ನಾನು ಕೇಳಿದ್ದು ಒಂದೇ: "ಕಾಂಕ್ರೀಟು ಒಣಗ್ತದೇನ್ರಿ ಅಜ್ಜಾರೆ?" ಅವರು ಥಟ್ಟನೆ ಹಿಡಿದರು. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಅದಕ್ಕೇ ಸ್ಲ್ಯಾಬ್ ಹಾಕಿದ ಮೇಲೆ ದಿನಗಟ್ಟಲೆ ನೀರು ಹಿಡಿಯುತ್ತೇವೆ. ರೆಸಿನ್ನೂ ಹಾಗೆಯೇ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಎಂಬ ದ್ರವ ಇರುತ್ತದೆ. ಹಾರ್ಡನರ್ ಬಿದ್ದೊಡನೆ ಆ ಸ್ಟೈರೀನ್ ಪಾಲಿಯೆಸ್ಟರ್ ಎಳೆಗಳ ನಡುವೆ ಹೆಣಿಗೆ ಹಾಕುತ್ತದೆ, ಇಡೀ ದ್ರವ ಒಂದೇ ಬಲೆಯಾಗಿ ಬಿಗಿಯುತ್ತದೆ. ಬಿಸಿಲಿಗಿಟ್ಟರೆ ಬೇಗ ಬಿಗಿಯುವುದು ನಿಜ, ಆದರೆ ಅದು ಒಣಗುವುದರಿಂದಲ್ಲ, ಶಾಖಕ್ಕೆ ಕ್ರಿಯೆ ಚುರುಕಾಗುವುದರಿಂದ. ಎಷ್ಟು ಚುರುಕು? ತಾಪ 10 ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸರಿಸುಮಾರು ಅರ್ಧವಾಗುತ್ತದೆ. 25 ಡಿಗ್ರಿಯಲ್ಲಿ 20 ನಿಮಿಷ ಸಿಕ್ಕರೆ 35ರಲ್ಲಿ 10, 45ರಲ್ಲಿ ಬರೀ 5. ನಮ್ಮ ಮೇ ತಿಂಗಳಲ್ಲಿ ಮಧ್ಯಾಹ್ನ ರೆಸಿನ್ ಕಲಸಿದರೆ ಬ್ರಷ್ ಎತ್ತುವಷ್ಟರಲ್ಲಿ ಅದು ಮಗ್ಗಿನಲ್ಲೇ ಗಡ್ಡೆ ಕಟ್ಟಿ ಹೊಗೆಯಾಡುತ್ತದೆ. ಮಗ್ಗಿನಲ್ಲಿ ರಾಶಿಯಾಗಿರುವ ರೆಸಿನ್ ತನ್ನ ಶಾಖವನ್ನು ತಾನೇ ಹಿಡಿದಿಟ್ಟುಕೊಂಡು ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಪಾವು ಪಾವಾಗಿ ಕಲಸಬೇಕು. ಬೇಸಿಗೆಯಲ್ಲಿ ನಾನು ಬೆಳಗ್ಗೆ ಏಳರೊಳಗೆ ಕೆಲಸ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಇದೇ ಲೆಕ್ಕ ತಿರುವುಮುರುವು: ಮುಂಜಾನೆಯ ಚಳಿಗೆ ರೆಸಿನ್ ಮೇಲೇಳುವುದೇ ಇಲ್ಲ, ಮಧ್ಯಾಹ್ನವೇ ಹದ.

ಹಾಗಾದರೆ ಬೇಸಿಗೆಗೆ ಹಾರ್ಡನರ್ ಅರ್ಧ ಹನಿ ಹಾಕಿದರಾಯಿತು, ಚಳಿಗೆ ಧಾರಾಳವಾಗಿ ಸುರಿದರಾಯಿತು ಎಂದುಕೊಳ್ಳುವವರುಂಟು. ಪಾಲಿಯೆಸ್ಟರ್‌ಗೆ ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲು, ಅಷ್ಟೇ ಅದರ ಅಂಗಳ. ಒಂದಕ್ಕಿಂತ ಕಡಿಮೆಯಾದರೆ ಮೇಲೆ ಗಟ್ಟಿ ಕಂಡರೂ ಒಳಗೆ ಎಂದೆಂದಿಗೂ ಹಸಿ ಉಳಿಯಬಹುದು. ಹೆಚ್ಚಾದರೆ ಸುಟ್ಟು ಬಿರುಕು ಬಿಡುತ್ತದೆ. ಇನ್ನೊಂದು ಬಗೆಯ ರೆಸಿನ್ ಆದ ಎಪಾಕ್ಸಿಗಂತೂ ಈ ಸಲುಗೆಯೂ ಇಲ್ಲ. ಅದರ ಎರಡು ಡಬ್ಬಿಗಳು ಗಂಡು ಹೆಣ್ಣಿನ ಜೋಡಿಯಿದ್ದಂತೆ, ಡಬ್ಬಿಯ ಮೇಲೆ ಬರೆದ ಅಳತೆಗೆ ಕೂಡಿದರೆ ಮಾತ್ರ ಸಂಸಾರ. ಹೆಚ್ಚು ಹಾರ್ಡನರ್ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಜೋಡಿ ಸಿಗದ ಹಾರ್ಡನರ್ ಒಳಗೇ ಉಳಿದು ರಬ್ಬರಿನಂತೆ ಮೆತ್ತಗಾಗುತ್ತದೆ. ಕಣ್ಣಳತೆ ಬೇಡ. ಬಂಗಾರದ ಅಂಗಡಿಯಲ್ಲಿರುವಂಥ ಪುಟ್ಟ ಡಿಜಿಟಲ್ ತಕ್ಕಡಿ ಒಂದು ಬೇಕೇ ಬೇಕು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೆಲವು ಅಂಗಡಿಗಳಲ್ಲಿ ಕೋಬಾಲ್ಟ್ ಎಂಬ ನೀಲಿ ನೇರಳೆ ದ್ರವವನ್ನು ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಅದು ವೇಗ ಹೆಚ್ಚಿಸುವಂಥದ್ದು. "ಎರಡೂ ಕಲಸಿ ಇಟ್ಕೊಂಡ್ರ ಕೆಲಸ ಸಸಾರ" ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಕೂಡಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆಯೇ ಹಾರ್ಡನರ್. ಎರಡು ಬಾಟಲಿಗಳನ್ನು ಬೇರೆ ಬೇರೆ ಕಡೆ ಇಡಬೇಕು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಆದ್ದರಿಂದ ರಕ್ಷಣಾ ಕನ್ನಡಕವಿಲ್ಲದೆ ಆ ಬಾಟಲಿಯ ಮುಚ್ಚಳ ತಿರುಗಿಸುವಂತಿಲ್ಲ. ಓಣಿಯ ಹುಡುಗರು ಎಷ್ಟು ಗೋಗರೆದರೂ ಕಲಸುವ ಹೊತ್ತಿನಲ್ಲಿ ನಾನು ಗೇಟು ಹಾಕುವುದು ಇದಕ್ಕೇ.

ಅಚ್ಚಿನ ವಿಷಯಕ್ಕೆ ಬರೋಣ. ನನ್ನ ಮುಚ್ಚಳದ ಆಕಾರಕ್ಕೆ ಮೊದಲು ಥರ್ಮೋಕೋಲ್ ಕೆತ್ತಿದೆ. ಚಾಕುವಿಗೆ ಬೆಣ್ಣೆಯಂತೆ ಬರುತ್ತದೆ, ಎರಡು ಸಂಜೆ ಕೂತು ಮೂಲೆ ಮೂಲೆ ಉಜ್ಜಿ ಚೆಂದ ಮಾಡಿದ್ದೆ. ಮೇಲೆ ಪಾಲಿಯೆಸ್ಟರ್ ಹಚ್ಚಿದ ಕೂಡಲೇ ಸಣ್ಣಗೆ ಚುರುಚುರು ಸದ್ದು. ಬ್ರಷ್ ಹೋದಲ್ಲೆಲ್ಲ ಥರ್ಮೋಕೋಲ್ ಕುಸಿಯುತ್ತ, ಬಿಸಿನೀರು ಸುರಿದ ಮಂಜುಗಡ್ಡೆಯಂತೆ ಕರಗುತ್ತ ಹೋಗಿ, ಕೊನೆಗೆ ಉಳಿದದ್ದು ಅಂಟಂಟಾದ ಒಂದು ಗುಳಿ. ಕಾರಣ ಸರಳ. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್. ರೆಸಿನ್ನಿನೊಳಗಿನ ಸ್ಟೈರೀನ್‌ಗೆ ಅದು ನೀರಿಗೆ ಬೆಲ್ಲವಿದ್ದಂತೆ. ಥರ್ಮೋಕೋಲನ್ನೇ ಬಳಸಬೇಕೆಂದರೆ ಎಪಾಕ್ಸಿ ಹಚ್ಚಬೇಕು, ಇಲ್ಲವೇ ಪಿಯು (ಪಾಲಿಯುರೆಥೇನ್) ಫೋಮ್ ತರಬೇಕು.

ಎರಡನೆಯ ಸಲ ಊರಿನ ಕಲ್ಲನ್ನೇ ನಂಬಿದೆ. ಶಹಾಬಾದ್ ಕಲ್ಲಿನಷ್ಟು ಸಮತಟ್ಟಾದ ಮೇಜು ಬೇರೆಲ್ಲಿ? ಆದರೆ "ಪಾಲಿಶ್ ಹೊಡೆದ ಕಲ್ಲಿನ ಮ್ಯಾಲೆ ಸೀದಾ ಹಾಕ್ರಿ, ತಾನಾಗೇ ಬಿಡ್ತದ" ಎಂಬುದು ಸರಿಯಲ್ಲ. ಈ ಸುಣ್ಣಕಲ್ಲಿಗೆ ಕಣ್ಣಿಗೆ ಕಾಣದ ರಂಧ್ರಗಳಿವೆ, ರೆಸಿನ್ ಅವುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಕಲ್ಲು ಕೊಡಬೇಕಾದ್ದು ಸಮತಟ್ಟು ಮಾತ್ರ. ಅದರ ಮೇಲೆ ಹೊಳಪಿನ ಸನ್ಮೈಕಾ ಹಾಳೆ, ಸುತ್ತ ಸನ್ಮೈಕಾ ಅಂಟಿಸಿದ ಪಟ್ಟಿಗಳ ಕಟ್ಟೆ, ಒಳಮೂಲೆಗಳಿಗೆ ಮಕ್ಕಳು ಆಡುವ ಕ್ಲೇ ಒತ್ತಿ ಗುಂಡಗೆ ಮಾಡಿದೆ, ಏಕೆಂದರೆ ಚೂಪು ಮೂಲೆಯಲ್ಲಿ ಮ್ಯಾಟ್ ಕೂರದೆ ಗಾಳಿ ಉಳಿಯುತ್ತದೆ. ಕಟ್ಟೆಯನ್ನು ಸ್ವಲ್ಪ ಹೊರಕ್ಕೆ ವಾಲಿಸಿದೆ. ನೆಟ್ಟಗಿದ್ದರೆ ಎರಕ ಹೊರಬರುವುದಿಲ್ಲ, ಇಡ್ಲಿ ತಟ್ಟೆಯ ಕುಳಿ ಅಗಲಬಾಯಿಯಾಗಿರುವುದೂ ಅದಕ್ಕೇ. ಆಮೇಲೆ ವ್ಯಾಕ್ಸ್ ಹಚ್ಚುವುದು, ಒರೆಸಿ ಹೊಳಪು ತರುವುದು, ಮತ್ತೆ ಹಚ್ಚುವುದು. ಐದಾರು ಸಲ. ಅದರ ಮೇಲೆ, ಎರಕ ಅಂಟದಂತೆ ತಡೆಯುವ ಪಿವಿಎ ದ್ರಾವಣದ ತೆಳುಪೊರೆ.

ಮ್ಯಾಟ್ ಹಾಕುವಾಗ ಕಣ್ಣೇ ಗುರು. ಗಾಜಿನ ಮ್ಯಾಟ್ ಬೆಳ್ಳಗಿರುತ್ತದೆ. ರೆಸಿನ್ ಕುಡಿಯುತ್ತಿದ್ದಂತೆ ಮೈಗಂಟಿದ ಒದ್ದೆ ಪಂಚೆಯ ಹಾಗೆ ಪಾರದರ್ಶಕವಾಗುತ್ತದೆ. ಎಲ್ಲೆಲ್ಲಿ ಬೆಳ್ಳಗೆ ಉಳಿಯಿತೋ ಅಲ್ಲಲ್ಲಿ ಗಾಳಿ ಅಥವಾ ಒಣ ಗಾಜು. ಹಾಗೆಂದು ರೆಸಿನ್ ಸುರಿದಷ್ಟೂ ಗಟ್ಟಿ ಎಂಬುದು ದೊಡ್ಡ ತಪ್ಪು. ನಮ್ಮ ನದಿಗಳ ಹರಿಗೋಲನ್ನು ನೆನೆಯಿರಿ: ಭಾರ ಹೊರುವುದು ಬಿದಿರಿನ ಹೆಣಿಗೆ, ನೀರು ತಡೆಯುವುದು ಮೇಲಿನ ತೊಗಲು ಅಥವಾ ಟಾರು. ಇಲ್ಲಿಯೂ ಶಕ್ತಿ ಗಾಜಿನ ಎಳೆಯದು, ರೆಸಿನ್ ಅದನ್ನು ಹಿಡಿದು ನಿಲ್ಲಿಸುವಂಥದ್ದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿಗೆ ಅದರ ಎರಡೂವರೆ ಪಟ್ಟು, ಅಂದರೆ 1.1 ಕಿಲೋ ಆಸುಪಾಸು ರೆಸಿನ್ ಸಾಕು. ಇಂಥ ಒಂದು ಪದರ ಸುಮಾರು ಒಂದು ಮಿಲಿಮೀಟರ್ ದಪ್ಪವಾಗುತ್ತದೆ. ಅದಕ್ಕೂ ಮೀರಿದ ರೆಸಿನ್ ಬರೀ ಭಾರ, ಬಿರುಕಿಗೆ ಆಹ್ವಾನ. ಕಬ್ಬಿಣದ ಹಲ್ಲುಗಳ ರೋಲರ್ ಉರುಳಿಸಿ ಹೆಚ್ಚಿನದನ್ನೂ ಗುಳ್ಳೆಯನ್ನೂ ಹೊರದೂಡಬೇಕು.

ಮುಚ್ಚಳದ ಮೇಲೆ ಕಾಲಿಟ್ಟರೆ ಬಾಗಬಾರದಲ್ಲ, ಅದಕ್ಕೆ ಏಳೆಂಟು ಪದರ ಬೇಕೆಂದು ಮೊದಲು ನಾನೂ ಎಣಿಸಿದ್ದೆ. ಬಾಗದಿರುವ ಗುಣ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಹಾಗಾಗಿ ನಡುವೆ ಹಗುರವಾದದ್ದನ್ನು ಇಟ್ಟು ಎರಡೂ ಬದಿಗೆ ತೆಳುವಾದ ಫೈಬರ್ ಹೊದಿಸಿದರೆ ಭಾರ ಏರದೆ ಬಿಗಿ ಬರುತ್ತದೆ. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು 254 ದಿನಗಳಲ್ಲಿ ಭೂಮಿ ಸುತ್ತಿ ಬಂದ ನೌಕಾಪಡೆಯ ಆರು ಮಹಿಳೆಯರ ಹಾಯಿದೋಣಿ 'ತಾರಿಣಿ'ಯ ಒಡಲೂ ನಡುವೆ ಮರ, ಎರಡೂ ಕಡೆ ಫೈಬರ್‌ಗ್ಲಾಸ್ ಎಂಬ ಇದೇ ಉಪಾಯದ್ದು. ನನ್ನ ಮುಚ್ಚಳಕ್ಕೆ ಕೆಳಗೆ ಎರಡು ಪದರ, ನಡುವೆ ಹತ್ತು ಮಿಲಿಮೀಟರಿನ ಪಿಯು ಫೋಮ್, ಮೇಲೆ ಎರಡು ಪದರ.

ಮರುದಿನ ಮುಟ್ಟಿದರೆ ಬೆರಳಿಗೆ ಜಿಗುಟು. "ಮಾಲ್ ಖರಾಬ್ ಅದ" ಎಂದರು ನೋಡಿದವರು. ಮಾಲಿನ ತಪ್ಪಲ್ಲ. ಗಾಳಿಯ ಆಮ್ಲಜನಕ ತಾಗಿದ ಮೇಲ್ಪದರದಲ್ಲಿ ಪಾಲಿಯೆಸ್ಟರ್ ಪೂರ್ತಿ ಬಿಗಿಯುವುದಿಲ್ಲ. ಮೇಲೆ ಇನ್ನೊಂದು ಪದರ ಹಾಕುವುದಿದ್ದರೆ ಆ ಜಿಗುಟು ಒಳ್ಳೆಯದೇ, ಹೊಸದು ಹಳೆಯದನ್ನು ಹಿಡಿಯುತ್ತದೆ. ಕಟ್ಟಕಡೆಯ ಪದರಕ್ಕೆ ಮಾತ್ರ ಮೇಣ ಬೆರೆಸಿದ ರೆಸಿನ್ ಹಚ್ಚಿದರೆ ಮೇಣ ಮೇಲೆ ತೇಲಿ ಗಾಳಿಯನ್ನು ತಡೆಯುತ್ತದೆ.

ದೋಣಿಯ ತಳದಲ್ಲಿದ್ದ ಸೀಳಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯಿರಿ ಎಂದವರೇ ಹೆಚ್ಚು. ಪುಟ್ಟಿಯಲ್ಲಿ ಎಳೆ ಇಲ್ಲ, ಆದ್ದರಿಂದ ಬಲವೂ ಇಲ್ಲ. ಸೀಳಿನ ಎರಡೂ ಬದಿಗೆ ದಪ್ಪದ ಹನ್ನೆರಡು ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜಬೇಕು. ತಳ 5 ಮಿಲಿಮೀಟರ್ ಇದ್ದರೆ ಒಂದೊಂದು ಬದಿಗೆ 60. ಆ ಇಳಿಜಾರಿನಲ್ಲಿ ಹೊಸ ಮ್ಯಾಟ್ ಹಂತಹಂತವಾಗಿ ಕೂರಬೇಕು. ಹಳೆಯ ಫೈಬರ್ ಮೇಲೆ ಎಪಾಕ್ಸಿ ಹಿಡಿಯುವಷ್ಟು ಪಾಲಿಯೆಸ್ಟರ್ ಹಿಡಿಯುವುದಿಲ್ಲ, ಆದ್ದರಿಂದ ತಳಕ್ಕೆ ನಾನು ಎಪಾಕ್ಸಿಯನ್ನೇ ಬಳಸಿದೆ, ಅದರೊಡನೆ ಮ್ಯಾಟಿನ ಬದಲು ನೇಯ್ದ ಗಾಜಿನ ಬಟ್ಟೆ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಸ್ಟೈರೀನ್‌ನಲ್ಲಿ, ಎಪಾಕ್ಸಿಯಲ್ಲಿ ಅದಿಲ್ಲ.

ಉಜ್ಜುವಾಗ ಏಳುವ ಧೂಳಿನ ಬಗ್ಗೆ ಎರಡು ವಿರುದ್ಧ ನಂಬಿಕೆಗಳಿವೆ. ಕೆಲವರು ಇದು ಆಸ್ಬೆಸ್ಟಾಸಿನಷ್ಟೇ ಘಾತಕ ಎನ್ನುತ್ತಾರೆ. ಇನ್ನು ಕೆಲವರು ತುರಿಕೆ ಅಷ್ಟೇ, ಟವೆಲ್ ಕಟ್ಟಿಕೊಂಡರೆ ಮುಗೀತು ಎನ್ನುತ್ತಾರೆ. ಮ್ಯಾಟಿನ ಗಾಜಿನ ಎಳೆ ಆಸ್ಬೆಸ್ಟಾಸ್ ಎಳೆಗಿಂತ ಬಹಳ ದಪ್ಪ, ಉದ್ದಕ್ಕೆ ಸೀಳಿ ಸೂಕ್ಷ್ಮವಾಗುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಬಗೆಯ ಎಳೆಯನ್ನು ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿಲ್ಲ. ಆದರೆ ಅದೇ ಸಂಸ್ಥೆ 2018ರಲ್ಲಿ ಸ್ಟೈರೀನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವಂಥದ್ದೆಂದು ಗುರುತಿಸಿತು. ಅಂದರೆ ನಾವು ಹೆದರಬೇಕಾದದ್ದು ತುರಿಸುವ ಧೂಳಿಗಿಂತ ಸ್ಟೈರೀನಿನ ಘಾಟು ವಾಸನೆಗೆ. ಟವೆಲ್ಲಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ರಾಸಾಯನಿಕ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಕಲ್ಲಿನ ಗಣಿಗಳಲ್ಲಿ, ಪಾಲಿಶ್ ಮಷೀನುಗಳ ಮುಂದೆ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ದುಡಿದ ಜನ ನಾವು. ಬಟ್ಟೆ ಸಾಲದು ಎಂಬ ಮಾತು ನಮ್ಮವರಿಗೆ ಇನ್ನಾದರೂ ನಾಟಬೇಕು.

ಎರಕ ಅಚ್ಚಿನಿಂದ ಬಿಟ್ಟ ದಿನ ಮುಚ್ಚಳವನ್ನು ಕಟ್ಟೆಯ ಮೇಲಿಟ್ಟು ನಾಣ್ಯದಿಂದ ಬಡಿಯುತ್ತ ಹೋದೆ. ಪರಸಿ ಕಲ್ಲು ಕೊಳ್ಳುವಾಗ ನಮ್ಮಲ್ಲಿ ಹಿರಿಯರು ಬೆರಳ ಗೆಣ್ಣಿನಿಂದ ಬಡಿದು ಒಳಬಿರುಕು ಕೇಳುತ್ತಾರಲ್ಲ, ಹಾಗೆಯೇ. ಕೂಡಿಕೊಂಡ ಕಡೆ ಸದ್ದು ಟಣ್ ಎನ್ನುತ್ತದೆ, ಒಳಗೆ ಗಾಳಿ ಉಳಿದ ಕಡೆ ದಬ್. ಎಡ ಮೂಲೆಯಲ್ಲಿ ಎರಡು ಬೆರಳಗಲ ದಬ್ ಎಂದಿತು. ಪೆನ್ಸಿಲಿನಿಂದ ಗುರುತು ಹಾಕಿದೆ. ಅಷ್ಟನ್ನು ಉಜ್ಜಿ ತೆಗೆದು ಮತ್ತೆ ಎರಡು ಪದರ ಹಾಕಬೇಕು, ನಾಳೆ ಬಿಸಿಲೇರುವ ಮೊದಲು.