ಗೋಡಿಗೆ ಮೊಳಿ ಹೊಡೀಬ್ಯಾಡ್ರಿ

ಅಥಣಿ, ರಾಯಬಾಗ ಕಡೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಫೋಟೋಗಳು ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಬಾಗಿಲಿಗಿಂತ ಮೇಲೆ, ತೊಲೆಯ ಹತ್ತಿರ, ಮುಂದಕ್ಕೆ ಬಾಗಿ ನಮ್ಮನ್ನೇ ನೋಡುತ್ತಿರುತ್ತವೆ. ತಳಕ್ಕೆ ಎರಡು ಮೊಳೆಗಳ ಆಸರೆ, ನೆತ್ತಿಗೆ ಸುತಳಿ, ಹಿಂದಿನ ಸಂದಿಯಲ್ಲಿ ಗುಬ್ಬಿಗೂಡು. 1894ರಲ್ಲಿ ಮುಂಬೈಯಲ್ಲಿ ರವಿವರ್ಮ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಸಾಮಾನ್ಯರ ಕೈಗೆ ಎಟುಕಿದವು. ಆದರೆ ಗೋಡೆಯ ಮೇಲೆ ಅವಕ್ಕೆ ಸಿಕ್ಕ ಜಾಗ ದೇವರಮನೆಯ ಲೆಕ್ಕದ್ದು: ತಲೆ ಎತ್ತಿಯೇ ನೋಡಬೇಕು. ಹಾಗೆ ಬಾಗಿಸಿದ್ದರಿಂದ ಚಾಪೆಯ ಮೇಲೆ ಕೂತವರಿಗೂ ಮುಖ ಕಾಣುತ್ತದೆ, ಗಾಜಿನಲ್ಲಿ ಎದುರಿನ ಕಿಟಕಿ ಹೊಳೆಯುವುದೂ ಕಡಿಮೆ. ಇದನ್ನು ಹಳೆಯ ಕಾಲದ ಒಡ್ಡತನ ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

ಪ್ರದರ್ಶನದ ತೂಗುವಿಕೆ ಬೇರೆಯೇ ಕಸುಬು. ಬೆಳಗಾವಿಯ ಟಿಳಕವಾಡಿಯಲ್ಲಿ ವರೇರಕರ ನಾಟ್ಯ ಸಂಘದ ಗ್ಯಾಲರಿಯಿದೆ. ರವಿ ಪರಾಂಜಪೆಯಂಥ ಶಿಷ್ಯರನ್ನು ತಯಾರು ಮಾಡಿದ ಚಿತ್ರಕಾರ ಕೆ.ಬಿ. ಕುಲಕರ್ಣಿಯವರ ಹೆಸರು ಹೊತ್ತ ಅಂಥ ಕಡೆ ಚಿತ್ರಕ್ಕೆಂದೇ ಗೋಡೆ ಇರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶಾಲೆಯ ಹಾಲ್ ಇಲ್ಲವೇ ಕಲ್ಯಾಣ ಮಂಟಪ. ಕೀಲಿಕೈ ಕೊಡುವಾಗಲೇ ಷರತ್ತು ಬರುತ್ತದೆ: “ಗೋಡಿಗೆ ಮೊಳಿ ಹೊಡೀಬ್ಯಾಡ್ರಿ.”

ಆಗ ನೆನಪಾಗಬೇಕಾದದ್ದು ನಾಟಕ ಕಂಪನಿಯ ಪರದೆ. ನಿಪ್ಪಾಣಿಗೆ ಬೆಳಗಾವಿಗಿಂತ ಹತ್ತಿರವಿರುವ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಸಿನಿಮಾಕ್ಕೆ ಇಳಿಯುವ ಮೊದಲು ಬರೆಯುತ್ತಿದ್ದದ್ದು ನಾಟಕದ ಪರದೆಗಳನ್ನೇ. ಅರಮನೆ, ಅಡವಿ, ಬೀದಿ ಎಲ್ಲವೂ ಬಿದಿರ ಗಳಕ್ಕೆ ಸುತ್ತಿಕೊಂಡು ಊರೂರು ತಿರುಗಿದವು. ಯಾರ ಗೋಡೆಗೂ ಮೊಳೆ ತಾಗಲಿಲ್ಲ. ಇಂಥ ಹಾಲ್‌ಗಳಲ್ಲಿ ಚಿತ್ರ ತೂಗುವ ನಾವೂ ಅದನ್ನೇ ಮಾಡುತ್ತೇವೆ. ಕಂಬದಿಂದ ಕಂಬಕ್ಕೆ ಗಳ ಕಟ್ಟಿ, ಚಿತ್ರವೊಂದಕ್ಕೆ ಎರಡು ದಾರ ಇಳಿಬಿಡುತ್ತೇವೆ. ಒಂದೇ ದಾರಕ್ಕೆ ಕಟ್ಟಿದರೆ ಫ್ಯಾನ್ ಹಾಕಿದ ಕೂಡಲೇ ಚಿತ್ರ ತಲೆಯಾಡಿಸುತ್ತದೆ. ಹೊಸ ದಾರ ಭಾರಕ್ಕೆ ಜಗ್ಗುವುದರಿಂದ ರಾತ್ರಿ ತೂಗಿ, ಬೆಳಗ್ಗೆ ಇನ್ನೊಮ್ಮೆ ಗಂಟು ಬಿಗಿಯಬೇಕು.

ಎತ್ತರದ ಲೆಕ್ಕ ಸುಲಭ. ಗ್ಯಾಲರಿಗಳಲ್ಲಿ ಚಿತ್ರದ ನಡುಮಧ್ಯ ನೆಲದಿಂದ ಸುಮಾರು 57ರಿಂದ 60 ಇಂಚಿಗೆ ಬರುವಂತೆ ನೋಡಿಕೊಳ್ಳುತ್ತಾರೆ. ಅದು ನಿಂತವರ ಕಣ್ಣಿನ ಎತ್ತರ. ಚಿತ್ರ 30 ಇಂಚು ಎತ್ತರದ್ದಾದರೆ 57ಕ್ಕೆ ಅದರ ಅರ್ಧ 15 ಕೂಡಿಸಿ. ನೆತ್ತಿ 72ಕ್ಕೆ ಬಂತು. ಹಿಂಬದಿಯ ತಂತಿಯನ್ನು ಎಳೆದು ಹಿಡಿದಾಗ ಅದು ನೆತ್ತಿಗಿಂತ 3 ಇಂಚು ಕೆಳಗೆ ನಿಂತರೆ ಕೊಕ್ಕೆಯ ಜಾಗ 69. ಚಿತ್ರಗಳ ತಳ ಒಂದೇ ಸಾಲಿಗೆ ಬರಲಿ ಎಂದು ಹಟ ಹಿಡಿಯುವವರಿದ್ದಾರೆ. ನಡುಮಧ್ಯ ಸಾಲಾದರೆ ಸಾಕು, ದೊಡ್ಡದು ಚಿಕ್ಕದು ಜಗಳವಾಡದೆ ಕೂಡಿರುತ್ತವೆ.

ಆದರೆ ಶಾಲೆಯ ಗೋಡೆ ಲೆಕ್ಕ ಕೇಳುವುದಿಲ್ಲ. ಅರ್ಧಕ್ಕೆ ಎಣ್ಣೆಬಣ್ಣ, ಮೇಲೆ ಸುಣ್ಣ. ಎರಡರ ನಡುವಿನ ಗೆರೆ ಬಣ್ಣದವನ ಕೈ ಹೋದಂತೆ ಹೋಗಿರುತ್ತದೆ. ಒಮ್ಮೆ ರಸಮಟ್ಟ ಇಟ್ಟು ತೂಗಿದ ಚಿತ್ರ ಓರೆಯಾಗಿಯೇ ಕಾಣುತ್ತಿತ್ತು. ನೆರವಿಗೆ ಬಂದಿದ್ದ ಗವಂಡಿ ದೂರ ನಿಂತು ನೋಡಿ, “ರಸಮಟ್ಟ ಬರೋಬ್ಬರಿ ಐತಿ ಅಂತೈತ್ರಿ, ಕಣ್ಣು ಒಲ್ಲೆ ಅಂತೈತಿ” ಅಂದ. ಕಣ್ಣಿನ ಮಾತು ಕೇಳಿ ಬಲಮೂಲೆಯನ್ನು ಕಾಲಿಂಚು ಏರಿಸಿದೆವು.

ಯಾವುದರ ಪಕ್ಕ ಯಾವುದು ಎಂಬುದನ್ನು ಮೊದಲು ನೆಲದ ಮೇಲೆ ತೀರ್ಮಾನಿಸಬೇಕು. ಗೋಡೆಗುಂಟ ಎಲ್ಲವನ್ನೂ ಒರಗಿಸಿಟ್ಟು, ಚಹಾ ಕುಡಿಯುತ್ತ ಬದಲಾಯಿಸುತ್ತ ಹೋಗುವುದು. ಕೆಂಪು ಹೆಚ್ಚಿರುವ ಚಿತ್ರ ಪಕ್ಕದ ಮಂದ ಜಲವರ್ಣವನ್ನು ನುಂಗಿಬಿಡುತ್ತದೆ. ಬಲಕ್ಕೆ ನೋಡುವ ಮುಖವನ್ನು ಸಾಲಿನ ಬಲತುದಿಗೆ ಇಟ್ಟರೆ ನೋಡುಗನನ್ನೂ ಬಾಗಿಲಾಚೆ ಕಳಿಸುತ್ತದೆ. ನಡುವೆ ಕನಿಷ್ಠ ಒಂದು ಗೇಣು ಬಿಡಬೇಕು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಗಳಲ್ಲಿ ಚಿತ್ರಗಳನ್ನು ಸೂರಿನವರೆಗೆ ಒತ್ತೊತ್ತಾಗಿ ಪೇರಿಸುತ್ತಿದ್ದರು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ದೇವರ ಫೋಟೋ ಮಾರುವವರ ಅಂಗಡಿ ಕಂಡಾಗಲೆಲ್ಲ ನನಗೆ ಅದೇ ನೆನಪು. ಮಾರಾಟಕ್ಕೆ ಅದು ಸರಿ, ಒಂದೊಂದನ್ನೇ ನಿಂತು ನೋಡುವುದಕ್ಕಲ್ಲ.

ಬೆಳಕಿನ ವಿಷಯದಲ್ಲಿ ರಾಜಿ ಬೇಡ. ವಸ್ತುಸಂಗ್ರಹಾಲಯಗಳು ಜಲವರ್ಣಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಸಾಕೆನ್ನುತ್ತವೆ. ಅಳೆಯುವ ಯಂತ್ರ ನಮ್ಮ ಬಳಿ ಇರುವುದಿಲ್ಲ. ಬಿಸಿಲು ನೇರ ಬೀಳುವ ಗೋಡೆಯನ್ನು ಖಾಲಿ ಬಿಡುತ್ತೇವೆ, ಅಷ್ಟೆ. ಕೃಷ್ಣಾ ದಂಡೆಯ ಊರುಗಳಲ್ಲಿ ಮಳೆಗಾಲದ ಗೋಡೆ ಬೆವರುತ್ತದೆ. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬಾಟಲಿ ಬೂಚಿನ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ.

ಹೆಸರುಚೀಟಿ ಚಿತ್ರದ ಬಲಕ್ಕೆ, ಕೆಳಗೆ. ಗಡಿಯ ಊರಾದ್ದರಿಂದ ಕನ್ನಡದ ಜೊತೆ ಮರಾಠಿಯಲ್ಲೂ ಬರೆದರೆ ಇನ್ನೂ ನಾಲ್ಕು ಜನ ನಿಂತು ಓದುತ್ತಾರೆ. ಹಿಂದಿನ ಸಲ ಎಲ್ಲ ಮುಗಿಸಿ ಕೈತೊಳೆದ ಮೇಲೆ ಐದನೆಯ ತರಗತಿಯ ಮಕ್ಕಳು ಸಾಲಾಗಿ ಬಂದರು. ಚಿತ್ರಗಳ ಕೆಳಗೆ ನಿಂತು ಎಲ್ಲರೂ ಕತ್ತು ಮೇಲೆತ್ತಿದರು, ಥೇಟ್ ಪಡಸಾಲೆಯ ಫೋಟೋ ನೋಡಿದ ಹಾಗೆ. ಆ ಸಂಜೆ ಮತ್ತೆ ಏಣಿ ತರಿಸಿ, ಪ್ರತಿ ಗಂಟನ್ನೂ ಬಿಚ್ಚಿ, ಎಲ್ಲವನ್ನೂ ಎಂಟು ಇಂಚು ಇಳಿಸಿದೆವು. ಗವಂಡಿ ಅದಕ್ಕೆ ಬೇರೆ ಪಗಾರ ಕೇಳಲಿಲ್ಲ. ಉಳಿದ ದಾರವನ್ನು ಅವರೆ ಬಳ್ಳಿ ಹಬ್ಬಿಸಲು ಬೇಕೆಂದು ಉಂಡೆ ಮಾಡಿ ಒಯ್ದ.